ಸೊಯೋ ಸುತ್ತಿದ ಬರೆನ್

ನನ್ನ ಟೋಫು ಅಂಗಡಿಗೂ ಸೊಯೋ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಮಣ್ಣಿನದು. ಆಚೆ ಸೀನಿದರೆ ಈಚೆ ನಾನು ಮೈ ಹುಷಾರಿಲ್ಲವೇ ಎಂದು ಕೇಳುತ್ತೇನೆ. ಹಿತ್ತಲಿನ ಬಾವಿಯೂ ಇಬ್ಬರಿಗೂ ಒಂದೇ. ಮೂವತ್ತು ವರ್ಷ ಒಂದೇ ಬಾವಿಯ ನೀರು ಸೇದಿದ ಹೆಂಗಸರ ನಡುವೆ ಗುಟ್ಟು ಎಂಬುದು ಉಳಿಯುವುದಿಲ್ಲ. ಹೀಗಾಗಿ ಕ್ಯೋಟೋದ ನಮ್ಮ ಮುದ್ರಕರ ಕೇರಿಯಲ್ಲಿ ಇನ್ಯಾರಿಗೂ ತಿಳಿಯದ ಒಂದು ಸಂಗತಿ ನನಗೆ ತಿಳಿದಿತ್ತು. ಮತಾಕಿಚಿಯ ಬರೆನ್ ಸುತ್ತುತ್ತಿದ್ದವಳು ಅವನ ಹೆಂಡತಿ ಸೊಯೋ.

ಅದರಲ್ಲೇನು ಮಹಾ ಎನ್ನಬೇಡಿ. ನಮ್ಮ ಕೇರಿಯಲ್ಲಿ ಅದು ಮಹಾ ವಿಷಯವೇ. ಕೆತ್ತಿದ ಹಲಗೆಗೆ ಬಣ್ಣ ಬಳಿದು, ಅದರ ಮೇಲೆ ಒದ್ದೆ ಕಾಗದ ಹಾಸಿ, ಕಾಗದದ ಬೆನ್ನನ್ನು ಉಜ್ಜುತ್ತಾರಲ್ಲ, ಆ ಅಂಗೈಯಗಲದ ಬಿಲ್ಲೆಯೇ ಬರೆನ್. ಒಳಗೆ ಬಿದಿರ ನಾರಿನ ಸುರುಳಿ, ಹೊರಗೆ ಕಳಲೆಯಿಂದ ಕಳಚಿದ ಪೊರೆಯ ಹೊದಿಕೆ. ಪೊರೆ ಸವೆದಾಗಲೆಲ್ಲ ಹೊಸದನ್ನು ನೆನೆಸಿ, ಚರ್ಮದ ಹಾಗೆ ಬಿಗಿಯಾಗಿ ಸುತ್ತಿ, ಎರಡು ತುದಿಗಳನ್ನೂ ಹುರಿ ಮಾಡಿ ಬೆನ್ನ ಮೇಲೆ ಹಿಡಿಕೆಯಾಗುವಂತೆ ಗಂಟು ಹಾಕಬೇಕು. ಇದನ್ನು ಮುದ್ರಕನಾದವನು ತಾನೇ ಮಾಡಿಕೊಳ್ಳಬೇಕು. ಹೆಂಡತಿಯ ಕೈಯಲ್ಲಿ ಸುತ್ತಿಸಿಕೊಂಡ ಎಂದರೆ ಕೇರಿಯ ಸ್ನಾನದ ಮನೆಯಲ್ಲಿ ಅವನು ತಲೆ ಎತ್ತುವ ಹಾಗಿಲ್ಲ.

ಸೊಯೋ ತವರು ಮನೆಯವರು ಕೆಂಪು ಕಾಳಿನ ಹಲ್ವ ಮಾಡಿ ಮಾರುವವರು. ಹಲ್ವವನ್ನು ಕಟ್ಟಿಕೊಡುತ್ತಿದ್ದುದು ಇದೇ ಬಿದಿರ ಪೊರೆಯಲ್ಲಿ. ಹುಡುಗಿಯಾಗಿದ್ದಾಗಿನಿಂದ ಅವಳಿಗೆ ಅದೇ ಕೆಲಸ. ಪೊರೆ ಅವಳ ಮಾತು ಕೇಳುತ್ತಿತ್ತು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಬದುಕಿದ್ದ, ಬಾಯಿ ಬಲು ಜೋರು. ಮಗ ಸುತ್ತಿದ ಬರೆನ್ನನ್ನು ಎತ್ತಿ ಹಿಡಿದು, "ಏನೋ ಇದು? ಬರೆನ್ನೋ, ಹಳಸಿದ ಕಡುಬೋ?" ಎಂದು ಎಲ್ಲರೆದುರು ಮಾನ ಹರಾಜು ಹಾಕುತ್ತಿದ್ದ. ಒಂದು ಸಂಜೆ ಗಂಡಸರು ಸ್ನಾನಕ್ಕೆ ಹೋದಾಗ ಸೊಯೋ ಅದನ್ನು ಬಿಚ್ಚಿ ಹೊಸದಾಗಿ ಸುತ್ತಿ ಇಟ್ಟುಬಿಟ್ಟಳು. ಮಾರನೆಯ ಬೆಳಿಗ್ಗೆ ಮತಾಕಿಚಿ ಬರೆನ್ ಕೈಗೆತ್ತಿಕೊಂಡ, ತಿರುಗಿಸಿ ನೋಡಿದ, ಕೆಲಸಕ್ಕೆ ಕುಳಿತ. ಒಂದು ಮಾತೂ ಆಡಲಿಲ್ಲ. ಅಂದಿನಿಂದ ಪೊರೆ ಸವೆದ ದಿನ ಬರೆನ್ ತಾನಾಗಿಯೇ ಅಡಿಗೆಮನೆಯ ಕಪಾಟಿನ ಮೇಲೆ ಬಂದು ಕೂರುತ್ತಿತ್ತು, ಬೆಳಗಾದರೆ ಹೊಸ ಹೊದಿಕೆ ಹೊದ್ದು ಕೆಲಸದ ಕೋಣೆಗೆ ಹೋಗುತ್ತಿತ್ತು. ಮಾವ ಸತ್ತ. ಯುದ್ಧ ಬಂತು, ಹೋಯಿತು. ಆ ಮನೆಯಲ್ಲಿ ಆ ವಿಷಯದ ಮಾತು ಮಾತ್ರ ಹುಟ್ಟಲೇ ಇಲ್ಲ.

ನನಗೆ ಇದು ಹೊಟ್ಟೆಯುರಿಸುತ್ತಿತ್ತು. ಮತಾಕಿಚಿ ಅಚ್ಚು ಹಾಕಿದ ಆಕಾಶ ಎಂದರೆ ಕೇರಿಯಲ್ಲೆಲ್ಲ ಹೆಸರು. ಗೆರೆಯಿಲ್ಲ, ಕಲೆಯಿಲ್ಲ, ನೀಲಿ ಎಂದರೆ ಬರಿಯ ನೀಲಿ. ಆ ಹೆಸರಿನಲ್ಲಿ ಅರ್ಧ ಸೊಯೋದು ತಾನೆ? ಒಮ್ಮೆ ಬಾವಿಕಟ್ಟೆಯಲ್ಲಿ ಹೇಳಿಯೂ ಹೇಳಿದೆ. ಅವಳು ಕೊಡಕ್ಕೆ ನೀರು ಸುರಿಯುತ್ತ, "ಕಿಕುನೋ ಅಕ್ಕ, ನೀವು ಮಾಡೋ ಟೋಫುಲಿ ಬಾವೀದೂ ಅರ್ಧ. ಬಾವಿ ಏನಾದ್ರೂ ಬೋರ್ಡ್ ಹಾಕು ಅಂತ ಕೇಳುತ್ತಾ?" ಎಂದಳು. ಅವಳು ಹಾಗೆಯೇ, ಮೆತ್ತಗೆ ಮಾತಾಡಿ ಬಾಯಿ ಮುಚ್ಚಿಸುವವಳು.

ಆ ಹೊತ್ತಿಗೆ ನಮ್ಮ ಓಣಿಯ ಕೊನೆಯ ಮನೆಗೆ ಇಗಾವಾ ಎಂಬ ಡ್ರಾಯಿಂಗ್ ಮೇಷ್ಟ್ರು ಬಂದಿದ್ದರು. ಇವರು ಹೊಸ ಪಂಗಡದವರು. ಚಿತ್ರ ಬರೆಯುವವನು ಒಬ್ಬ, ಹಲಗೆ ಕೆತ್ತುವವನು ಇನ್ನೊಬ್ಬ, ಅಚ್ಚು ಹಾಕುವವನು ಮತ್ತೊಬ್ಬ ಎಂಬುದು ನಮ್ಮಲ್ಲಿ ತಾತನ ಕಾಲದ ಕಟ್ಟು. ಮೇಷ್ಟ್ರದು ಎಲ್ಲವೂ ತಾವೇ. ಮಾಡಿದ್ದಾದರೂ ಏನು? ಹಕ್ಕಿಯಿಲ್ಲ, ಹೆಣ್ಣಿಲ್ಲ, ಬೆಟ್ಟವಿಲ್ಲ. ಒಂದು ಕಪ್ಪು ತುಂಡು, ಅದರ ಪಕ್ಕ ಒಂದು ಬೂದು ತುಂಡು, ನಡುವೆ ಮರದ ನಾರಿನ ಗುರುತು. ನನ್ನ ಅಂಗಡಿಯಲ್ಲಿ ಒಂದು ದಿನ ಅವರು ಅಂಥದೊಂದನ್ನು ಬಿಚ್ಚಿ ತೋರಿಸಿದಾಗ ಮತಾಕಿಚಿಯೂ ಸೊಯೋನೂ ಅಲ್ಲೇ ಇದ್ದರು.

"ಏನಿದು ಮೇಷ್ಟ್ರೇ?"

"ಏನೂ ಅಲ್ಲ ಮತಾಕಿಚಿಯವ್ರೇ. ಇದು ಯಾವುದರ ಚಿತ್ರಾನೂ ಅಲ್ಲ. ಕಪ್ಪು ಕಪ್ಪೇ, ಮರ ಮರಾನೇ."

"ಏನೂ ಅಲ್ಲದ್ದಕ್ಕೆ ಇಷ್ಟು ಕಷ್ಟ ಯಾಕ್ರೀ ಪಟ್ರಿ? ಬರೀ ಹಲಗೆ ತಗುಲಿಹಾಕಿದ್ರೆ ಆಗ್ತಿತ್ತು."

ಎಲ್ಲರೂ ನಕ್ಕೆವು. ಮೇಷ್ಟ್ರೂ ನಕ್ಕರು. ಸೊಯೋ ಒಬ್ಬಳು ಮಾತ್ರ ಆ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, "ಮರದ ನಾರು ಚೆನ್ನಾಗಿ ಬಿದ್ದಿದೆ" ಎಂದಳು.

ಆ ವರ್ಷ ಬಿರುಗಾಳಿ ನಮ್ಮ ಓಣಿಯ ಹೆಂಚುಗಳನ್ನೆಲ್ಲ ಹಾರಿಸಿತು. ಮತಾಕಿಚಿ ಮಾಡು ಸರಿಮಾಡಲು ಹತ್ತಿದವನು ಜಾರಿ ಅಂಗಳಕ್ಕೆ ಬಿದ್ದ, ಬಲಗೈ ಮೈಯಡಿ ಸಿಕ್ಕಿತು. ಮೂಳೆ ಕಟ್ಟುವವನು ತನ್ನ ಕೈಲಾದದ್ದು ಮಾಡಿದ. ಚಳಿ ಶುರುವಾಗುವ ಹೊತ್ತಿಗೆ ಅವನು ಬಲಗೈಯಲ್ಲಿ ಊಟದ ಕಡ್ಡಿ ಹಿಡಿಯಬಲ್ಲವನಾಗಿದ್ದ. ಆದರೆ ಮಣಿಕಟ್ಟು ಭಾರ ತಡೆಯುತ್ತಿರಲಿಲ್ಲ. ಮುದ್ರಕ ಬರೆನ್ನಿನ ಮೇಲೆ ಮೈಯ ಭಾರವನ್ನೆಲ್ಲ ಹಾಕಬೇಕು, ಬರಿಯ ಬೆರಳಿನ ಕೆಲಸವಲ್ಲ ಅದು.

ಅವನಿಗೆ ಕೆಲಸ ಕೊಡುತ್ತಿದ್ದ ಚಿತ್ರದಂಗಡಿಯ ಕುರಾತಾ ಯಜಮಾನರು ಒಳ್ಳೆಯ ಮನುಷ್ಯ. ಹಣ್ಣಿನ ಬುಟ್ಟಿ ಹಿಡಿದು ನೋಡಲು ಬಂದರು. ಬಿವಾ ಸರೋವರದ ಮೇಲಿನ ಮುಂಜಾವಿನ ಚಿತ್ರಕ್ಕೆ ಹಲಗೆ ಕೆತ್ತಿಯಾಗಿತ್ತು, ಮುಕ್ಕಾಲು ಹಾಳೆ ಬರಿಯ ಆಕಾಶ. ಅದನ್ನು ಮತಾಕಿಚಿಯಿಂದಲೇ ಮಾಡಿಸಬೇಕೆಂದು ಅವರ ಆಸೆ.

"ಎಡಗೈಲಿ ಹಾಕ್ತೀನಿ ಯಜಮಾನ್ರೇ" ಎಂದ ಮತಾಕಿಚಿ.

ಯಜಮಾನರು ಚಹಾದ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ, "ಚಳಿ ಮುಗಿದು ಪ್ಲಮ್ ಹೂ ಅರಳೋವರ್ಗೂ ಕಾಯ್ತೀನಿ. ಅಷ್ಟರಲ್ಲಿ ಒಂದು ಹಾಳೆ, ಒಂದೇ ಹಾಳೆ ಶುದ್ಧ ಆಕಾಶ ತಂದು ತೋರಿಸಪ್ಪ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ, ಬೇರೆಯವರ ಕೈಗೆ ಕೊಡ್ಬೇಕಾಗುತ್ತೆ" ಎಂದರು. ಆ ಕೆಲಸ ಬೇರೆಯವರ ಕೈಗೆ ಹೋಯಿತೆಂದರೆ ಮತಾಕಿಚಿ ಇನ್ನು ಮುದ್ರಕನಲ್ಲ ಎಂದೇ ಕೇರಿ ತಿಳಿಯುತ್ತದೆ. ಅವನೂ ಹಾಗೆಯೇ ತಿಳಿಯುತ್ತಾನೆ. ಬರೆನ್ ಬಿಟ್ಟರೆ ಆ ಮನುಷ್ಯನಿಗೆ ಏನೂ ಬರುತ್ತಿರಲಿಲ್ಲ, ಒಲೆ ಹೊತ್ತಿಸುವುದಕ್ಕೂ.

ಆ ಚಳಿಗಾಲವೆಲ್ಲ ಗೋಡೆಯ ಆಚೆಯಿಂದ ನಾನು ಕೇಳಿದ್ದು ಒಂದೇ ಸದ್ದು. ಮತಾಕಿಚಿ ಏನೂ ಕೆತ್ತದ ಚೆರ್ರಿ ಮರದ ಹಲಗೆಗೆ ನೀಲಿ ಬಳಿದು, ಎಡಗೈಯಲ್ಲಿ ಉಜ್ಜುತ್ತಿದ್ದ. ಮೊದಲು ಸರ್ ಎನ್ನುತ್ತಿದ್ದ ಬರೆನ್ ಈಗ ಕರ್ ಎನ್ನುತ್ತಿತ್ತು. ಹಾಳೆ ಎತ್ತಿದರೆ ನೀಲಿಯ ತುಂಬ ಸುಳಿ. ಬಾಗಿ ಬಾಗಿ ಸಾಗಿದ ಬಿಳಿಚು ಗೆರೆಗಳು, ಒಂದರ ಮೇಲೊಂದು. ಬರೆನ್ನಿನ ಗೆರೆ ಬಿದ್ದ ಹಾಳೆಯನ್ನು ನಮ್ಮ ಕೇರಿಯಲ್ಲಿ ಒಲೆಗೆ ಹಾಕುತ್ತಾರೆ. ಕಲಿಯುವವರೂ ಎರಡನೆಯ ವರ್ಷಕ್ಕೆ ಆ ತಪ್ಪು ದಾಟಿರುತ್ತಾರೆ. ಮತಾಕಿಚಿ ಒಂದೊಂದು ಹಾಳೆಯನ್ನೂ ನೋಡಿ, ಕೆಳಗಿಟ್ಟು, ತನ್ನ ಎಡಗೈಯನ್ನು ಬೇರೆ ಯಾರದೋ ಎಂಬಂತೆ ದಿಟ್ಟಿಸುತ್ತಿದ್ದನಂತೆ. ಸೊಯೋ ಪೊರೆ ಬದಲಾಯಿಸಿದಳು, ಬಣ್ಣಕ್ಕೆ ಬೆರೆಸುವ ಅಂಟಿನ ಹದ ಬದಲಾಯಿಸಿದಳು, ಕಾಗದದ ಒದ್ದೆ ಹೆಚ್ಚು ಕಡಿಮೆ ಮಾಡಿದಳು. ಸುಳಿ ಹೋಗಲಿಲ್ಲ.

ವರ್ಷದ ಕೊನೆ ಬಂತು. ನಮ್ಮ ಮನೆಗಳ ಬಾಗಿಲು ಎಂದರೆ ಮರದ ಚೌಕಟ್ಟಿಗೆ ಅಂಟಿಸಿದ, ಬೆಳಕು ಹಾಯುವ ಕಾಗದ. ಹೊಸ ವರ್ಷಕ್ಕೆ ಮುಂಚೆ ಆ ಕಾಗದ ಬದಲಾಯಿಸದ ಮನೆ ಮನೆಯೇ ಅಲ್ಲ. ಸೊಯೋ ಹತ್ತಿರ ಬೇರೆ ಕಾಗದವಿರಲಿಲ್ಲ, ಗುಡ್ಡೆಬಿದ್ದ ನೀಲಿ ಹಾಳೆಗಳಿದ್ದವು. ಅವನ್ನೇ ಅಂಟಿಸಿಬಿಟ್ಟಳು. ಸ್ನಾನದಿಂದ ಬಂದ ಮತಾಕಿಚಿಯ ಕೂಗು ನನ್ನ ಟೋಫು ತೊಟ್ಟಿಯ ನೀರನ್ನೂ ಅಲುಗಾಡಿಸಿತು.

"ನನ್ನ ಸೋಲನ್ನ ಬಾಗಿಲಿಗೆ ಅಂಟಿಸ್ತೀಯೇನೇ? ಹೋಗೋ ಬರೋರೆಲ್ಲ ನೋಡ್ಲಿ ಅಂತಾನಾ?"

"ಗಾಳಿ ಬರ್ತಿತ್ತು ರೀ, ಅಂಟಿಸ್ದೆ. ಚಳಿಗೆ ಸೋಲು ಗೆಲುವು ಗೊತ್ತಾಗುತ್ತಾ?"

ಮಾರನೆಯ ಬೆಳಿಗ್ಗೆ ನಾನು ಒಂದು ತುಂಡು ಟೋಫು ಹಿಡಿದು ಹೋದೆ, ಜಗಳದ ಬಿಸಿ ಆರಿದೆಯೇ ನೋಡೋಣ ಎಂದು. ಬಿಸಿಲು ಬಾಗಿಲ ಹಿಂದಿನಿಂದ ಬೀಳುತ್ತಿತ್ತು. ನಾನು ಚಿತ್ರ ಅರಿತವಳಲ್ಲ. ಆದರೆ ಕೋಣೆಯ ತುಂಬ ಆ ನೀಲಿ ಸುಳಿಗಳು ಬೆಳಗುತ್ತಿದ್ದುದನ್ನು ಕಂಡು ನನಗೆ ಅಳು ಬಂತು. ಸೋಯಾ ಹಾಲು ಹೆಪ್ಪುಗಟ್ಟುವ ಮುಂಚೆ ಒಂದು ಗಳಿಗೆ ಹೀಗೆಯೇ ಸುತ್ತುತ್ತದೆ. ನನ್ನ ಆಯುಷ್ಯವೆಲ್ಲ ನೋಡಿದ್ದೇನೆ, ಯಾರಿಗೂ ಹೇಳಿರಲಿಲ್ಲ. ಯಾಕೆ ಅಳುತ್ತೀರಿ ಎಂದು ಸೊಯೋ ಕೇಳಿದರೆ ಒಲೆಯ ಹೊಗೆ ಎಂದೆ. ಒಲೆ ಹೊತ್ತಿರಲಿಲ್ಲ.

ಬಾಯಿ ಸುಮ್ಮನಿರಲಾರದೆ ಇಗಾವಾ ಮೇಷ್ಟ್ರಿಗೆ ಹೇಳಿಬಿಟ್ಟೆ. ಅವರು ಹೊಸ ವರ್ಷದ ನಮಸ್ಕಾರದ ನೆಪ ಮಾಡಿಕೊಂಡು ಬಂದು, ಬಾಗಿಲ ಮುಂದೆ ಕುಳಿತು, ಸೊಯೋ ಕೊಟ್ಟ ಕಡುಬು ತಿನ್ನುವುದನ್ನೂ ಮರೆತರು.

"ಮತಾಕಿಚಿಯವ್ರೇ, ಯಾರು ಮಾಡಿದ್ದು ಇದು?"

"ಅದು ಮಾಡಿದ್ದಲ್ಲ ಮೇಷ್ಟ್ರೇ, ಆಗಿದ್ದು. ಮಾಡಿನಿಂದ ಬಿದ್ದೆನಲ್ಲ, ಇನ್ನೂ ಬೀಳ್ತಾನೇ ಇದೀನಿ. ನಗ್ಬೇಕು ಅಂದ್ರೆ ನಕ್ಕುಬಿಡಿ, ನಿಮ್ಮ ಸರದಿ."

ಮೇಷ್ಟ್ರು ನಗಲಿಲ್ಲ. "ಇನ್ನೊಂದ್ಸಲ ಮಾಡೋಕಾಗುತ್ತಾ? ಬೇಕು ಅಂತ?" ಎಂದು ಕೇಳಿದರು. ಮತಾಕಿಚಿ ಕಡುಬಿನ ತಟ್ಟೆಯನ್ನು ಅವರತ್ತ ಸರಿಸಿದ. ಅವನಿಗೆ ಬೇಕಾಗಿದ್ದದ್ದು ಶುದ್ಧ ಆಕಾಶ. ದೇವಸ್ಥಾನದ ಅಂಗಳದ ಪ್ಲಮ್ ಮರದಲ್ಲಿ ಆಗಲೇ ಮೊಗ್ಗು ಕಾಣುತ್ತಿತ್ತು.

ಒಂದು ಮಧ್ಯಾಹ್ನ ಸೊಯೋ ನನ್ನ ಅಂಗಡಿಗೆ ಬಂದಳು. ಏನೂ ಕೊಳ್ಳಲಿಲ್ಲ. ನಾನು ಕರಿದ ಟೋಫು ಕಟ್ಟಿಕೊಡುವ ಬಿದಿರ ಪೊರೆಗಳ ಕಟ್ಟಿನಿಂದ ಒಂದನ್ನು ಎಳೆದು ಹಲಗೆಯ ಮೇಲೆ ಹಾಸಿ, ಉಗುರಿನಿಂದ ಉದ್ದಕ್ಕೆ ಎಳೆದಳು. ಮತ್ತೆ ವಾಪಸು ಎಳೆದಳು. ಅವಳ ಮುಖ ಸುಣ್ಣದ ಹಾಗಾಗಿತ್ತು.

"ಅಕ್ಕ, ನೀವೂ ಎಳೆದು ನೋಡಿ. ಬುಡದಿಂದ ತುದಿಗೆ ಜಾರುತ್ತೆ. ತುದಿಯಿಂದ ಬುಡಕ್ಕೆ ಬಂದ್ರೆ ಕಚ್ಚುತ್ತೆ."

"ಅದಕ್ಕೇನೀಗ? ಬೆಕ್ಕಿನ ಮೈನೂ ಹಾಗೇ."

"ದಿನಾ ಆ ಬಾಗಿಲ ಮುಂದೆ ಕಸ ಗುಡಿಸ್ತೀನಲ್ಲ, ಇವತ್ತು ಕಾಣಿಸ್ತು. ಪ್ರತಿ ಹಾಳೆಲೂ ಗೆರೆ ಒಂದೇ ಕಡೆ ಕಚ್ಚಿದೆ. ಕೈ ಸೋತಿದ್ರೆ ಅಲ್ಲೊಂದು ಇಲ್ಲೊಂದು ಬೀಳ್ಬೇಕಿತ್ತು. ಇದು ಕೈದಲ್ಲ ಅಕ್ಕ. ಬಲಗೈಯವರಿಗೆ ಬುಡ ಬಲಕ್ಕೆ ಇಟ್ಟು ಸುತ್ತೋದು. ಅವ್ರು ಎಡಗೈಲಿ ಎದುರು ದಿಕ್ಕಿಗೆ ಉಜ್ಜೋಕೆ ಶುರು ಮಾಡಿದ್ರೂ ನಾನು ಬುಡಾನ ಬಲಕ್ಕೇ ಇಡ್ತಾ ಬಂದೆ. ಕೈಗೆ ಅಭ್ಯಾಸ. ಒಂದ್ಸಲಾನೂ ಯೋಚನೆ ಮಾಡ್ಲಿಲ್ಲ."

ಎಡಗೈ ಮುದ್ರಕರು ನಮ್ಮಲ್ಲಿ ಇಲ್ಲ. ಎಡಚ ಮಕ್ಕಳ ಕೈಗೆ ಹೊಡೆದು ಬಲಕ್ಕೆ ತಿರುಗಿಸುವ ಕೇರಿ ಇದು. ತಾನೇ ಸುತ್ತಿಕೊಳ್ಳುವವನಾಗಿದ್ದರೆ ಮತಾಕಿಚಿಯ ಕೈಗಾದರೂ ವ್ಯತ್ಯಾಸ ಹೊಳೆಯುತ್ತಿತ್ತೇನೋ. ಅವನು ಸುತ್ತುವವನಲ್ಲ, ಸುತ್ತುವವಳು ಉಜ್ಜುವವಳಲ್ಲ. ಇಬ್ಬರ ನಡುವೆ ಆ ಮಾತೇ ಇಲ್ಲ. ಇನ್ನು ತಪ್ಪು ಸಿಗುವುದಾದರೂ ಹೇಗೆ?

ನಾನು ಲೋಕ ಕಂಡವಳ ಗತ್ತಿನಲ್ಲಿ ಬುದ್ಧಿ ಹೇಳಿದೆ. "ಸುಮ್ನೆ ತಿರುಗಿಸಿ ಸುತ್ತಿ ಇಟ್ಬಿಡು. ಇಷ್ಟು ವರ್ಷ ಹೇಗೆ ಬಾಯಿ ಬಿಡದೆ ಮಾಡಿದ್ಯೋ ಹಾಗೇ. ಕೈ ಪಳಗ್ತು ಅಂದ್ಕೋತಾನೆ."

ಸೊಯೋ ಪೊರೆಯನ್ನು ಮಡಿಸಿ ವಾಪಸು ಕಟ್ಟಿಗೆ ಸೇರಿಸಿದಳು. "ಚಳಿಗಾಲ ಪೂರ್ತಿ ಆ ಕೈನ ಬೈದಿದಾರೆ ಅಕ್ಕ. ಅದು ಏನೂ ತಪ್ಪು ಮಾಡಿಲ್ಲ ಅಂತ ಯಾರಾದ್ರೂ ಹೇಳ್ಬೇಕಲ್ಲ" ಎಂದು ಎದ್ದು ಹೋದಳು.

ನಾನು ಗೋಡೆಗೆ ಕಿವಿ ಹಚ್ಚಿದೆ. ನಾಚಿಕೆಯೇನೂ ಆಗಲಿಲ್ಲ.

"ರೀ, ನಿಮ್ಮ ಕೈಲಿ ತಪ್ಪಿಲ್ಲ."

"ಸಮಾಧಾನ ಬೇಡ ಕಣೇ."

"ಸಮಾಧಾನ ಅಲ್ಲ. ತಪ್ಪು ಬರೆನ್‌ದು."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹಾಗಂತ ಕೇರಿ ತುಂಬ ಹೇಳ್ಕೊಂಡು ತಿರುಗ್ಲಾ?"

"ಈ ಸಲ ನೆಲಾನೇ ಡೊಂಕು ಕಣ್ರೀ. ಡೊಂಕು ಮಾಡ್ದೋಳು ನಾನು."

ಅವಳು ಎಲ್ಲವನ್ನೂ ಹೇಳಿದಳು. ಬರೆನ್ ಸುತ್ತುವ ಮಾತನ್ನು ಆ ಗಂಡ ಹೆಂಡತಿ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ತಟ್ಟೆ ಎಸೆಯುತ್ತಾನೋ, ಎದ್ದು ಹೊರಗೆ ಹೋಗುತ್ತಾನೋ ಎಂದು ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ. ಕೊನೆಗೆ ಅವನ ಧ್ವನಿ ಕೇಳಿಸಿತು.

"ನನ್ನೆದುರಿಗೇ ಸುತ್ತು. ನೋಡ್ತೀನಿ."

ಪೊರೆ ನೀರಿನಲ್ಲಿ ನೆನೆಯುವಷ್ಟು ಹೊತ್ತು, ಹುರಿಯಾಗುವಷ್ಟು ಹೊತ್ತು. ಬಳಿಕ ಹಲಗೆಗೆ ಕುಂಚ ತಾಗಿದ ಸದ್ದು, ಕಾಗದ ಹಾಸಿದ ಸದ್ದು. ಆಮೇಲೆ ಬರೆನ್. ಸರ್, ಸರ್, ಸರ್. ನಾನು ಈಚೆ ಕಡೆ ಮಂಡಿಯೂರಿ ಕುಳಿತು ಗೋಡೆಗೆ ಕೈಮುಗಿದೆ.

ಪ್ಲಮ್ ಹೂ ಅರಳಿದ ವಾರ ಮತಾಕಿಚಿ ಹಾಳೆ ತೆಗೆದುಕೊಂಡು ಹೋದ. ಕುರಾತಾ ಯಜಮಾನರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ತಲೆಕೆಳಗು ಮಾಡಿ ನೋಡಿದರಂತೆ. "ಹಲಗೆ ನಾಳೆ ಕಳಿಸ್ತೀನಿ" ಎಂದರಂತೆ, ಅಷ್ಟೇ. ಅವನು ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಮುಂಚೆ ನನ್ನ ಅಂಗಡಿಯಲ್ಲಿ ಎರಡು ತುಂಡು ಟೋಫು ಕೊಂಡ. ಯಾವತ್ತೂ ಕೊಳ್ಳುತ್ತಿದ್ದುದು ಒಂದು.

ಇಲ್ಲಿಗೆ ಮುಗಿದಿದ್ದರೂ ನಾನು ಸಂತೋಷಪಡುತ್ತಿದ್ದೆ. ಆದರೆ ಮೇಷ್ಟ್ರು ಕೇಳಿದ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಎಳ್ಳಿನಂತೆ ಮತಾಕಿಚಿಯನ್ನು ಬಿಟ್ಟಿರಲಿಲ್ಲ. ಬೇಕು ಅಂತ ಮಾಡಲಾಗುತ್ತದೆಯೇ? ಸರೋವರದ ಕೆಲಸ ಮುಗಿದ ಸಂಜೆಗಳಲ್ಲಿ ಅವನು ಬರಿಯ ಹಲಗೆ ಇಟ್ಟುಕೊಂಡು ಒತ್ತಿ ನೋಡಿದ, ತಿರುಚಿ ನೋಡಿದ. ಹೊಸದಾಗಿ ಸುತ್ತಿದ ಬರೆನ್ ಗೆರೆ ಬೀಳಿಸಲು ಒಪ್ಪಲಿಲ್ಲ. ಬಲವಂತ ಮಾಡಿದರೆ ಬರಿಯ ಕೊಳೆ. ಬಾಗಿಲ ಮೇಲಿನ ನೀಲಿ ಅವನನ್ನು ಅಣಕಿಸುತ್ತಿತ್ತು. ಕೊನೆಗೆ ಒಂದು ದಿನ ಅವನು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ. ನಾನು ಅಲ್ಲೇ ಇದ್ದೆ, ಮೂಲಂಗಿ ಉಪ್ಪಿನಕಾಯಿ ತೆಗೆದುಕೊಳ್ಳಲು ಹೋಗಿದ್ದೆ.

"ಸೊಯೋ, ಒಂದು ಬರೆನ್ ತಪ್ಪಾಗಿ ಸುತ್ತಿಕೊಡು."

"ತಪ್ಪಾಗಾ? ನಮ್ಮಪ್ಪನ ಅಂಗಡಿಲಿ ಹೀಗೆ ಕೇಳಿದ್ರೆ ಸೌಟಲ್ಲಿ ಹೊಡೀತಿದ್ರು."

"ಬುಡ ಬಲಕ್ಕೆ. ಮೊದಲಿನ ಹಾಗೆ."

ಸೊಯೋ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಯೋಚಿಸಿದಳು. "ಬಲಕ್ಕೇ ಯಾಕೆ? ಓರೆಯಾಗಿ ಇಟ್ರೆ ಗೆರೆ ಬೇರೆ ಥರ ಕಚ್ಚುತ್ತೆ. ಒಂದು ಕಡೆ ಸಡಿಲ ಬಿಟ್ರೆ ಇನ್ನೊಂಥರ. ನೀವು ಉಜ್ಜಿ, ನಾನು ನೋಡಿ ಸುತ್ತುತ್ತೀನಿ" ಎಂದಳು. ನನ್ನ ಉಪ್ಪಿನಕಾಯಿಯನ್ನು ಇಬ್ಬರೂ ಮರೆತರು. ನಾನೇ ಜಾಡಿಗೆ ಕೈ ಹಾಕಿ ತೆಗೆದುಕೊಂಡು ಬಂದೆ.

ಆ ವಸಂತದಲ್ಲಿ ಗೋಡೆಯಾಚೆ ನಾನು ಕೇಳಿದಷ್ಟು ಮಾತು ಹಿಂದಿನ ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ. "ಇದು ಜಾಸ್ತಿ ಕಚ್ಚಿತು." "ನೀವು ಭಾರ ಹಾಕಿದ್ದು ಜಾಸ್ತಿ." "ಗಂಟು ಸಡಿಲ ಮಾಡು." "ಮಾಡಿದ್ರೆ ಬಿಚ್ಚಿಕೊಳ್ಳುತ್ತೆ, ಸುಮ್ನಿರಿ." ಗಂಡನಿಗೆ ಎದುರು ಮಾತಾಡುವುದನ್ನು ಸೊಯೋ ಇಷ್ಟು ಬೇಗ ಕಲಿತದ್ದು ಕಂಡು ನನಗೆ ತುಂಬ ಹೆಮ್ಮೆಯಾಯಿತು.

ಇಗಾವಾ ಮೇಷ್ಟ್ರ ಗೆಳೆಯರ ಪ್ರದರ್ಶನದಲ್ಲಿ ಹಾಗೆ ಹುಟ್ಟಿದ ಒಂದು ಹಾಳೆಯನ್ನು ತೂಗುಹಾಕಿದರು. ನಾನು ಅಂಗಡಿ ಮುಚ್ಚಿ, ಇದ್ದುದರಲ್ಲಿ ಒಳ್ಳೆಯ ಕಿಮೊನೊ ಉಟ್ಟು ಸೊಯೋ ಜೊತೆ ಹೋದೆ. ನೀಲಿಯ ಮೇಲೆ ನೀಲಿ, ಅದರ ಮೇಲೆ ತೆಳುವಾದ ಮಸಿ. ಸುಳಿಗಳು ಒಂದನ್ನೊಂದು ಹಾದು, ಒಂದು ಕಡೆ ದಟ್ಟವಾಗಿ, ಒಂದು ಕಡೆ ಬಿಚ್ಚಿಕೊಂಡು. ಸರೋವರವಲ್ಲ, ಆಕಾಶವಲ್ಲ, ಯಾವುದರ ಚಿತ್ರವೂ ಅಲ್ಲ. ನಮ್ಮ ಕೇರಿಯ ಮುದ್ರಕರೂ ಗುಂಪಾಗಿ ಬಂದಿದ್ದರು, ಮತಾಕಿಚಿಗೆ ತಲೆ ಕೆಟ್ಟಿದೆ ಎಂದು ಕಣ್ಣಾರೆ ಕಂಡು ಹೋಗಲು. ಅವರಲ್ಲಿ ಹಿರಿಯನಾದ ಗೆನ್ರೋಕು ಮೂಗು ತಾಗುವಷ್ಟು ಹತ್ತಿರ ಹೋಗಿ ಕೆಳಗಿನ ಅಂಚನ್ನು ನೋಡುತ್ತಿದ್ದ. ಹಳೆಯ ಚಿತ್ರಗಳ ಅಂಚಿನಲ್ಲಿ ಕೆತ್ತಿದವರು ಇಂಥವರು, ಮುದ್ರಿಸಿದವರು ಇಂಥವರು ಎಂದು ಚಿಕ್ಕದಾಗಿ ಹಾಕುವುದುಂಟು. ಇಲ್ಲಿಯೂ ಎರಡು ಸಾಲು ಇತ್ತು. ಎರಡನೆಯದು ಅವನಿಗೆ ಅರ್ಥವಾಗಲಿಲ್ಲ.

"ಮುದ್ರಿಸಿದವನು ಮತಾಕಿಚಿ" ಎಂದು ಗೆನ್ರೋಕು ಗಟ್ಟಿಯಾಗಿ ಓದಿದ. "ಸುತ್ತಿದವಳು ಸೊಯೋ. ಏನೋ ಇದು, ಸುತ್ತಿದವಳು ಅಂದ್ರೆ?"

"ಬರೆನ್" ಎಂದ ಮತಾಕಿಚಿ.

"ಯಾವಾಗಿಂದ? ಕೈ ಮುರ್ಕೊಂಡಾಗಿಂದಾನಾ?"

ಹೌದು ಎಂದಿದ್ದರೆ ಸಾಕಿತ್ತು. ಯಾರೂ ನಗುತ್ತಿರಲಿಲ್ಲ. ಅವನು ಸುತ್ತ ನಿಂತ ಮುದ್ರಕರನ್ನೆಲ್ಲ ಒಮ್ಮೆ ನೋಡಿದ.

"ಮದುವೆಯಾದಾಗಿಂದ" ಎಂದ.

ಮತಾಕಿಚಿಯ ಶುದ್ಧ ಆಕಾಶಗಳನ್ನು ಹೊಗಳಿ ಹೊಗಳಿ ಮುದುಕನಾದವನು ಗೆನ್ರೋಕು. ಅವನು ಸೊಯೋ ಕಡೆ ತಿರುಗಿ, ತನ್ನ ಸರೀಕನಿಗೆ ಬಾಗುವ ಹಾಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ.

ಸೊಯೋ ಅದನ್ನು ನೋಡಲೇ ಇಲ್ಲವೇನೋ. ಅವಳ ಕಣ್ಣು ಆ ಎರಡನೆಯ ಸಾಲಿನ ಮೇಲಿತ್ತು. ಮುದ್ರಕನಾದ ಮತಾಕಿಚಿ ಹುಟ್ಟಿದಂದಿನಿಂದ ಉಳಿ ಹಿಡಿದವನಲ್ಲ. ಎಡಗೈಯಲ್ಲಿ, ಅವಳಿಗೆ ಕಾಣದಂತೆ, ಒಂದು ಮರದ ಚೂರಿನ ಮೇಲೆ ಆ ಹೆಸರನ್ನು ತಾನೇ ಕೆತ್ತಿದ್ದ.

"ಅಕ್ಷರ ಓರೆಯಾಗಿದೆ" ಎಂದಳು ಸೊಯೋ.

"ಎಡಗೈ."

"ಅದು ಕೈದೇ ತಪ್ಪು. ಇದಕ್ಕೆ ನಾನು ಜವಾಬ್ದಾರಳಲ್ಲ."

ಹಾಗೆಂದವಳು ಅಲ್ಲಿಂದ ಕದಲಲಿಲ್ಲ. ಜನ ಬಂದರು, ಹೋದರು. ಬಾಗಿಲು ಹಾಕುವವನು ಬಂದು ದೀಪ ಆರಿಸುತ್ತೇನೆ ತಾಯಿ ಎನ್ನುವವರೆಗೂ ತನ್ನ ಹೆಸರಿನ ಮುಂದೆ ಕೈಕಟ್ಟಿ ನಿಂತಿದ್ದಳು. ಟೋಫು ಹುಳಿಯಾದರೆ ಆಗಲಿ ಎಂದು ನಾನೂ ನಿಂತಿದ್ದೆ.